ಟ್ರಂಕು ನಮ್ಮ ಮನೆಯಲ್ಲೇ ಇರಲಿ, ನಕಲು ಲೈಬ್ರರಿಯಲ್ಲಿರಲಿ

ಕೋಲಾರದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಜಿಲ್ಲಾ ಕೇಂದ್ರ ಗ್ರಂಥಾಲಯದ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಈ ಪತ್ರದಲ್ಲಿ ಬೇಡಿಕೆ ಒಂದೇ. ಅದನ್ನು ಕೊನೆಗೆ ಇಟ್ಟರೆ ಅಷ್ಟರಲ್ಲಿ ನಿಮ್ಮ ಮೇಜಿಗೆ ಇನ್ನೊಂದು ಫೈಲು ಬಂದಿರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಲೈಬ್ರರಿಗಳಲ್ಲಿ ವಾರಕ್ಕೆ ಒಂದು ದಿನ ಗೊತ್ತು ಮಾಡಿ. ಆ ದಿನ ಜನ ತಮ್ಮ ಮನೆಯ ಟ್ರಂಕಿನಲ್ಲಿರುವ ಹಳೇ ಕಾಗದ, ಫೋಟೋ, ಓಲೆಗರಿ, ಏನಿದ್ದರೂ ತರಲಿ. ಅವರ ಕಣ್ಣೆದುರಿಗೇ ಸ್ಕ್ಯಾನ್ ಆಗಲಿ. ಅವರ ವಸ್ತು ಅವರ ಕೈಯಲ್ಲೇ ಅದೇ ದಿನ ಮನೆಗೆ ಹೋಗಲಿ. ಸ್ಕ್ಯಾನ್ ಆಗಿದ್ದು ಯಾರು ಬೇಕಾದರೂ ಫೋನಿನಲ್ಲಿ ಹುಡುಕಿ ನೋಡುವ ಹಾಗೆ ಇರಲಿ. ಅಷ್ಟೇ.

ಯಾಕೆ ಅಂತ ಕೇಳಿದರೆ ಕತೆ ಸ್ವಲ್ಪ ಉದ್ದ.

ಎಂಟನೇ ಕ್ಲಾಸಿಗೆ ‘ಆಧಾರಗಳು’ ಅಂತ ಒಂದು ಪಾಠ ಇದೆ. ಇತಿಹಾಸ ಬರೆಯಲು ಏನೇನು ಬೇಕು ಅನ್ನುವುದು ಅದರ ವಿಷಯ. ಸಾಹಿತ್ಯದ ಆಧಾರ, ಶಾಸನ, ನಾಣ್ಯ, ಹೀಗೆ. ಮಕ್ಕಳು ಉರು ಹೊಡೆದು ಒಪ್ಪಿಸುತ್ತಾರೆ. ಎರಡು ವರ್ಷದ ಹಿಂದೆ ನನಗೇ ಬೇಜಾರಾಗಿ, “ನಾಳೆ ಬರುವಾಗ ನಿಮ್ಮ ಮನೆಯಲ್ಲಿ ಇರೋದರಲ್ಲೇ ಹಳೇ ಕಾಗದ ಒಂದು ತನ್ನಿ. ಕೇಳಿಕೊಂಡು ತನ್ನಿ, ಕದ್ದು ತರಬೇಡಿ” ಅಂದೆ.

ಅರ್ಧ ಕ್ಲಾಸು ರೇಷನ್ ಕಾರ್ಡು ತಂದಿತು. ಉಳಿದರ್ಧ ತಂದಿದ್ದನ್ನು ನೋಡಿ ನಾನು ಪಾಠ ಮಾಡುವುದನ್ನೇ ಬಿಟ್ಟೆ. ಗಂಡಭೇರುಂಡದ ಮುದ್ರೆ ಇದ್ದ ಮೈಸೂರು ಸರ್ಕಾರದ ಛಾಪಾ ಕಾಗದದ ಮೇಲೆ ಒಂದು ಕ್ರಯಪತ್ರ. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ತೆಲುಗು ಇದ್ದ ಲಗ್ನಪತ್ರಿಕೆ. ಊರ ಜಾತ್ರೆಯಲ್ಲಿ ಆಡಿದ ನಾಟಕದ ಗುಲಾಬಿ ಬಣ್ಣದ ಕರಪತ್ರ. ಹಾಲಿನ ಡೈರಿಯ ಪಾಸ್‌ಬುಕ್ಕು, ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಅಂತ. ಒಬ್ಬ ಹುಡುಗ ಒಂದೇ ಮನೆಯ ಎರಡು ಬೋರ್‌ವೆಲ್ ರಸೀದಿ ತಂದಿದ್ದ. ಅವನ ತಾತ ಕೊರೆಸಿದ್ದು 210 ಅಡಿ. ಅವನ ಅಪ್ಪ ಕೊರೆಸಿದ್ದು 1,240 ಅಡಿ. ಕೋಲಾರದ ನೀರಿನ ಬಗ್ಗೆ ನಾನು ಒಂದು ಗಂಟೆ ಮಾತಾಡಿದ್ದರೂ ಆ ಎರಡು ಚೀಟಿ ಹೇಳಿದಷ್ಟು ಹೇಳಲು ಆಗುತ್ತಿರಲಿಲ್ಲ.

ಕೊನೆಗೆ ಒಬ್ಬಳು ಹುಡುಗಿ ಮೆಲ್ಲಗೆ ಬಂದಳು. “ಮಿಸ್, ಕಾಗದ ಅಲ್ಲ, ಪರವಾಗಿಲ್ವಾ?” ಅವಳ ಕೈಯಲ್ಲಿ ಒಂದು ಹಿತ್ತಾಳೆ ಬಿಲ್ಲೆ. ಅವಳ ಅಮ್ಮನ ತಾತ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದರು. ಕೆಳಗೆ ಇಳಿಯುವಾಗ ಲೆಕ್ಕಕ್ಕೆ ಕೊಡುತ್ತಿದ್ದ ನಂಬರಿನ ಬಿಲ್ಲೆ ಅದು.

ಎಲ್ಲದರ ಫೋಟೋ ನನ್ನ ಫೋನಿನಲ್ಲಿ ತೆಗೆದುಕೊಂಡೆ. ಮೂರು ತಿಂಗಳಿಗೆ ಫೋನ್ ಕೆಟ್ಟಿತು. ಅರ್ಧಕ್ಕಿಂತ ಜಾಸ್ತಿ ಫೋಟೋ ಹೋದವು. ಮುಂದಿನ ವರ್ಷ ಆ ಹುಡುಗಿಯನ್ನು ಬಿಲ್ಲೆ ಇನ್ನೊಂದು ಸಲ ತರಲು ಕೇಳಿದೆ. ಮನೆಯವರು ಅದನ್ನು ಹಳೇ ಚೊಂಬಿನ ಜೊತೆ ಪಾತ್ರೆ ಮಾರುವವನಿಗೆ ಹಾಕಿ, ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದರು.

ಅವರನ್ನು ಬೈಯುವ ಹಕ್ಕು ನನಗಿಲ್ಲ. ನಮ್ಮ ಮನೆಯದೇ ಒಂದು ಕತೆ ಇದೆ. ನಮ್ಮ ಯಜಮಾನರ ಮನೆತನ ಶ್ಯಾನುಭೋಗರದು. ಅಟ್ಟದ ಮೇಲೆ ಕಪ್ಪಗಿನ, ಮಡಿಕೆ ಮಡಿಕೆಯಾಗಿ ಬಿಚ್ಚುವ, ದಪ್ಪ ಬಟ್ಟೆಯಂಥ ಒಂದು ಕಟ್ಟು ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಮನೆಗೆ ಸುಣ್ಣಬಣ್ಣ ಮಾಡಿಸುವಾಗ ನಾನೇ ಅದನ್ನು ಗುಜರಿಗೆ ಹಾಕಿಸಿದೆ. ಇಲಿ ಕಡಿದಿತ್ತು, ವಾಸನೆ ಬರುತ್ತಿತ್ತು. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು, ಅದು ಕಡತ ಅಂತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಈಗಲೂ ‘ಕಡತ ವಿಲೇವಾರಿ’ ಅಂತ ನಿಮ್ಮ ಕಚೇರಿಗಳಲ್ಲಿ ದಿನಾ ಹೇಳುತ್ತೀರಲ್ಲ, ಆ ಮಾತಿನ ಮೂಲ ಇದು. ಇತಿಹಾಸ ಓದಿದ ಟೀಚರ್ ಅದನ್ನು ಕೆಜಿ ಲೆಕ್ಕದಲ್ಲಿ ತೂಗಿಸಿ ಕಳಿಸಿದಳು.

ಸರ್ಕಾರದ ಕಡೆಯೂ ಇದೇ ಹಾಡು. ನಮ್ಮ ಕಡೆಯ ಒಂದು ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಯಾವುದು ಅಂತ ಹೇಳಲ್ಲ, ಹೇಳಿ ಏನೂ ಆಗಬೇಕಾಗಿಲ್ಲ. ಹಳೇ ಕಟ್ಟಡದ ಹಿಂದೆ ಎರಡು ದಿನ ಹೊಗೆ ಆಡುತ್ತಿತ್ತು. ಅಷ್ಟೇ ಹೇಳುತ್ತೇನೆ.

ಈಗ ಒಂದು ಒಳ್ಳೇ ಮಾತು. ನಮ್ಮ ಜಿಲ್ಲೆಯ ಪುಣ್ಯಕ್ಕೆ ಒಬ್ಬರು ನೂರಿಪ್ಪತ್ತು ವರ್ಷದ ಹಿಂದೆಯೇ ಈ ಕೆಲಸದ ಒಂದು ಭಾಗ ಮಾಡಿಟ್ಟಿದ್ದಾರೆ. ಮೈಸೂರು ಸರ್ಕಾರದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್. ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅಚ್ಚಾಗಿದ್ದು 1905ರಲ್ಲಿ. ಆಗ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದು ಮೂರೇ ವರ್ಷ ಆಗಿತ್ತು. ಆ ಕಾಲದಲ್ಲಿ ಊರೂರಿನ ಶಾಸನ ಹುಡುಕಿಸಿ, ನಕಲು ತೆಗೆಸಿ, ತಾಲ್ಲೂಕುವಾರು ನಂಬರು ಕೊಟ್ಟು, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಪಾಠ ಅಚ್ಚು ಮಾಡಿಸಿ, ಅರ್ಥವನ್ನೂ ಬರೆದರು. ಯಾವ ಊರು, ಊರಿನ ಯಾವ ದಿಕ್ಕು, ಯಾರ ಹೊಲ ಅಂತ ಗುರುತು ಕೂಡ ಕೊಟ್ಟಿದ್ದಾರೆ. ಆ ಪುಸ್ತಕ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ನಾನು ನಮ್ಮ ಪಕ್ಕದ ಹಳ್ಳಿಯ ಪುಟವನ್ನು ಪ್ರಿಂಟ್ ತೆಗೆಸಿ, ಮಕ್ಕಳನ್ನು ಕರೆದುಕೊಂಡು ಹೊರಟೆ. ಕಲ್ಲು ಸಿಗಲು ಎರಡು ಶನಿವಾರ ಬೇಕಾಯಿತು. ಪುಸ್ತಕದಲ್ಲಿ ಹೇಳಿದ ಹೊಲ ಈಗ ಮೂರು ಮನೆ, ಒಂದು ಟೊಮೆಟೊ ಬಾಕ್ಸ್ ಇಡುವ ಶೆಡ್ಡು. ಕಲ್ಲು ಅರ್ಧ ಸಿಮೆಂಟಿನಲ್ಲಿ ಹೂತಿತ್ತು. ಉಳಿದರ್ಧಕ್ಕೆ ಸಿಲ್ವರ್ ಪೇಂಟು, ಅದರ ಮೇಲೆ ಅರಿಶಿನ ಕುಂಕುಮ. ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು ಅದು. ಮಕ್ಕಳು ಪ್ರಿಂಟು ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿದರು. ‘ಸ್ವಸ್ತಿ ಶ್ರೀ’ ಸಿಕ್ಕಿದಾಗ ಆದ ಗಲಾಟೆಗೆ ಬೀದಿಯವರೆಲ್ಲ ಬಂದರು. ಮನೆಯ ಹಿರಿಯರೊಬ್ಬರು ನಮ್ಮನ್ನು ತಡೆಯಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ಸುಮ್ನೆ ನಿಂತು ಕೇಳಿದರು. ಯಾರದೋ ದನ ಉಳಿಸಲು ಹೋಗಿ ಸತ್ತವನು ಅಂದಾಗ, “ಹಂಗಾದ್ರೆ ನಮ್ಮೋನೇ” ಅಂದರು. ಮುಂದಿನ ಸಲ ಹೋದಾಗ ಸಿಮೆಂಟಿನ ಒಂದು ಬದಿಯನ್ನು ಅವರೇ ಉಳಿಯಿಂದ ಬಿಡಿಸಿದ್ದರು. ಎರಡು ಸಾಲು ಹೊಸದಾಗಿ ಕಾಣುತ್ತಿತ್ತು.

ಕಲ್ಲು ಪೂಜೆ ಮಾಡುವವರ ಮನೆಯಲ್ಲೇ ಇದೆ. ಪುಸ್ತಕ ಯಾವುದೋ ದೇಶದ ಕಂಪ್ಯೂಟರಿನಲ್ಲಿದೆ. ಎರಡರ ನಡುವೆ ಒಂದು ಬೆಂಚು, ಒಂದು ಕಂಪ್ಯೂಟರು, ತೋರಿಸಿಕೊಡುವ ಒಬ್ಬರು ಬೇಕಿತ್ತು. ಆ ಜಾಗ ಲೈಬ್ರರಿ ಅಲ್ವಾ?

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸದ ಸಂಸ್ಥೆಯವರು 2021ರಿಂದ ಆ ಕಡೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರಿನಲ್ಲಿ ನೆರಳು ಬೀಳಿಸಿದರೆ ಓದಲು ಬರುತ್ತದೆ. ಕೋಲಾರ ಅಲ್ಲಿಂದ ಒಂದೂವರೆ ಗಂಟೆ ದಾರಿ. ಅವರನ್ನು ಕರೆಯಲು ನಿಮ್ಮ ಒಂದು ಪತ್ರ ಸಾಕು, ನನ್ನ ಹತ್ತು ಪತ್ರ ಸಾಲದು.

ಆದರೆ ಶಾಸನದ್ದೇ ದೊಡ್ಡ ಚಿಂತೆ ಅಲ್ಲ ನನಗೆ. ಕಲ್ಲು ಗಟ್ಟಿ. ಇನ್ನೂ ನೂರು ವರ್ಷ ಇರಬಹುದು. ಮನುಷ್ಯರ ತಲೆಯಲ್ಲಿ ಇರುವುದು ಅಷ್ಟು ದಿನ ಕಾಯಲ್ಲ.

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆಗ ನಲವತ್ತರ ಹರೆಯದಲ್ಲಿದ್ದವರು ಈಗ ಮುದುಕರು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಬಗ್ಗೆ, ಎಷ್ಟು ಆಳ ಅಗೆದರು, ಎಷ್ಟು ಚಿನ್ನ ತೆಗೆದರು ಅನ್ನುವುದರ ಬಗ್ಗೆ ಕಂಪನಿಯವರೇ ಬರೆದಿಟ್ಟಿದ್ದಾರೆ. ಮೂರು ಕಿಲೋಮೀಟರಿಗಿಂತ ಕೆಳಗೆ, ಆ ಕಾವಿನಲ್ಲಿ ಕೆಲಸ ಮಾಡಿದವನು ಬುತ್ತಿಗೆ ಏನು ಕಟ್ಟಿಕೊಂಡು ಹೋಗುತ್ತಿದ್ದ, ಲೈನ್ ಮನೆಗಳಲ್ಲಿ ಯಾವ ಹಾಡು ಹಾಡುತ್ತಿದ್ದರು, ಕೆಳಗೆ ಬಂಡೆ ಸಿಡಿದಾಗ ಮೇಲೆ ಹೆಂಗಸರಿಗೆ ಹೇಗೆ ಗೊತ್ತಾಗುತ್ತಿತ್ತು ಅನ್ನುವುದು ಆ ಲೆಕ್ಕದಲ್ಲಿ ಇರುವುದಿಲ್ಲ. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಅಲ್ಲಿನ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಕಂಪನಿಯ ಬಾಯಿಂದ ಕೇಳಿದರೆ ಅದು ಗಲಭೆ. ಆ ಮನೆಗಳಲ್ಲಿ ಕೇಳಿದರೆ ಬೇರೇನೇ ಕತೆ ಸಿಗುತ್ತದೆ. ಅದೂ ತಮಿಳಿನಲ್ಲಿ.

ಅಂದ ಹಾಗೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಕೋಲಾರದ ನೆನಪು ಒಂದೇ ಭಾಷೆಯಲ್ಲಿ ಇಲ್ಲ. ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪೇಟೆಯ ಹಳೇ ಮನೆಗಳಲ್ಲಿ ಉರ್ದು ಕಾಗದಗಳಿವೆ. ಕೋಲಾರಮ್ಮನ ಗುಡಿಯ ಗೋಡೆ ನೋಡಿ, ಚೋಳರ ಕಾಲದ ತಮಿಳು ಶಾಸನಗಳು. ರೈಸ್ ಅದನ್ನೂ ಬಿಡದೆ ಅಚ್ಚು ಹಾಕಿಸಿದರು. ‘ಕನ್ನಡದಲ್ಲಿ ಇದ್ದರೆ ಮಾತ್ರ ತನ್ನಿ’ ಅಂತ ಬೋರ್ಡು ಹಾಕಿದರೆ ಅರ್ಧ ಜಿಲ್ಲೆ ಮನೆಗೆ ವಾಪಸ್ ಹೋಗುತ್ತದೆ. ನಾನು ಕನ್ನಡದ ಹೆಣ್ಣುಮಗಳಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ಕೆರೆಗಳು. ಬೇತಮಂಗಲದ ಕೆರೆಯನ್ನು ನೀವೂ ನೋಡಿರುತ್ತೀರಿ. ಆ ಊರಿನ ಹಳೇ ಹೆಸರು ವಿಜಯಾದಿತ್ಯಮಂಗಲ. ಹಿಂದೆ ಈ ಕಡೆ ಆಳಿದ ಬಾಣರ ಅರಸನ ಹೆಸರು ಅದು. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ್ದು ಶಾಸನದಲ್ಲಿದೆ. ಅದೇ ಕೆರೆಯ ನೀರನ್ನು ಆಮೇಲೆ ಕೆಜಿಎಫ್‌ಗೆ ಕೊಟ್ಟರು. ಸಾವಿರ ವರ್ಷ ಒಂದು ಏರಿಯ ಮೇಲೆ ನಡೆದುಕೊಂಡು ಬಂದಿದೆ. ಆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲಾ ಬಲ್ಲವನು ನೀರುಗಂಟಿ. ಯಾವ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರು ಅನ್ನುವುದು ಅವನ ಬಾಯಲ್ಲಿತ್ತು. ಕೆರೆ ಒಣಗಿದ ಮೇಲೆ ಅವನನ್ನು ಯಾರೂ ಕೇಳಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಎಷ್ಟೋ ಕೆರೆ ತುಂಬಿವೆ. ಅದು ಬೆಂಗಳೂರಿನ ಸಂಸ್ಕರಿಸಿದ ನೀರು. ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ನನ್ನ ಕ್ಲಾಸಿನ ಮಕ್ಕಳು ಕೆರೆ ಯಾವಾಗಲೂ ತುಂಬೇ ಇತ್ತು ಅಂದುಕೊಂಡಿದ್ದಾರೆ. ಹತ್ತು ವರ್ಷ ಅದರಲ್ಲಿ ಕ್ರಿಕೆಟ್ ಆಡಿದ ಅವರ ಅಣ್ಣಂದಿರು ಪಕ್ಕದಲ್ಲೇ ಕೂತಿದ್ದಾರೆ. ಹತ್ತು ವರ್ಷದಲ್ಲೇ ಇಷ್ಟು ಮರೆವು. ಉಳಿದಿರುವ ನೀರುಗಂಟಿಗಳ ಮುಂದೆ ಒಂದು ಫೋನ್ ಇಟ್ಟು, ಒಂದು ಟೀ ಕೊಟ್ಟು, ಎರಡು ಗಂಟೆ ಮಾತಾಡಿಸಿದರೆ ಸಾಕು. ಆ ಧ್ವನಿಯನ್ನು ಲೈಬ್ರರಿಯಲ್ಲಿ ಇಡಬಹುದು.

ಚಿಕ್ಕಬಳ್ಳಾಪುರದ ಜಿಲ್ಲಾಡಳಿತವನ್ನೂ ಜೊತೆಗೆ ಸೇರಿಸಿಕೊಳ್ಳಿ. 2007ರ ತನಕ ನಾವು ಒಂದೇ ಜಿಲ್ಲೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದಾಗ ಗೌರಿಬಿದನೂರು ಕೋಲಾರಕ್ಕೆ ಸೇರಿತ್ತು. ಈಗ ಸ್ಮಾರಕ ಆ ಜಿಲ್ಲೆಯಲ್ಲಿದೆ. ಆ ದಿನ ಅಲ್ಲಿದ್ದವರ ಮಕ್ಕಳು, ಮೊಮ್ಮಕ್ಕಳು ಎರಡೂ ಜಿಲ್ಲೆಯಲ್ಲಿದ್ದಾರೆ. ಕಾಗದಗಳೂ ಅಷ್ಟೇ.

ಇಷ್ಟು ಹೇಳಿದ ಮೇಲೆ ನಿಮ್ಮ ಕಡೆಯಿಂದ ಬರಬಹುದಾದ ಮೊದಲ ಮಾತು ನನಗೆ ಗೊತ್ತು. ‘ರಾಜ್ಯ ಪತ್ರಾಗಾರ ಇಲಾಖೆ ಇದೆಯಲ್ಲಮ್ಮ.’ ಇದೆ, ಒಳ್ಳೇ ಕೆಲಸವನ್ನೂ ಮಾಡುತ್ತದೆ. ಆದರೆ ಅದು ವಿಧಾನಸೌಧದಲ್ಲಿದೆ. ಮುಖ್ಯವಾಗಿ ಸರ್ಕಾರದ ಕಡತ ಕಾಪಾಡಲು ಇರುವುದು. ಬೋರ್‌ವೆಲ್ ರಸೀದಿ ಹಿಡಿದುಕೊಂಡು ನಮ್ಮ ಊರಿನ ಅಜ್ಜಿ ವಿಧಾನಸೌಧದ ಗೇಟಿಗೆ ಹೋದರೆ ಪೊಲೀಸರು ಏನು ಕೇಳುತ್ತಾರೆ? ಲೈಬ್ರರಿ ಹಾಗಲ್ಲ. ಅರ್ಜಿ ಇಲ್ಲದೆ, ಕೈಕಟ್ಟಿ ನಿಲ್ಲದೆ, ‘ಏನ್ ಬೇಕು?’ ಅನ್ನಿಸಿಕೊಳ್ಳದೆ ನಮ್ಮ ಜನ ಒಳಗೆ ಹೋಗಿ ಕೂರುವ ಸರ್ಕಾರಿ ಕಟ್ಟಡ ಅದೊಂದೇ. ನಾನು ಲೈಬ್ರರಿಯನ್ನೇ ಹಿಡಿದುಕೊಂಡಿರುವುದು ಅದಕ್ಕೆ.

2019ರಲ್ಲಿ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅನ್ನುತ್ತಾರೆ. ಕೊರೊನಾ ಕಾಲದಲ್ಲಿ ಓದುವ ಬೆಳಕು ಅಂತ ಮಕ್ಕಳನ್ನು ಸೇರಿಸಿದ್ದು ನಿಜಕ್ಕೂ ಕೆಲಸ ಮಾಡಿತು, ನಮ್ಮ ಊರಿನಲ್ಲೇ ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಜಾಗ ಇದೆ, ಮೇಲ್ವಿಚಾರಕರು ಇದ್ದಾರೆ, ಮಕ್ಕಳು ಬಂದು ಹೋಗುತ್ತಾರೆ. ಹೊಸ ಕಟ್ಟಡ ಕೇಳುತ್ತಿಲ್ಲ ನಾನು. ದಯವಿಟ್ಟು ಟಚ್ ಸ್ಕ್ರೀನ್ ಇಟ್ಟು, ದೊಡ್ಡ ಪರದೆ ಹಾಕಿ, ಮಂತ್ರಿಗಳಿಂದ ಉದ್ಘಾಟನೆ ಮಾಡಿಸುವ ಕೇಂದ್ರವನ್ನಂತೂ ಮಾಡಲೇಬೇಡಿ. ಅಂಥವು ಒಂದು ವರ್ಷಕ್ಕೆ ‘ದುರಸ್ತಿಯಲ್ಲಿದೆ’ ಅನ್ನುವ ಚೀಟಿ ಅಂಟಿಸಿಕೊಂಡು ಕೂರುತ್ತವೆ.

ಬೇಕಾಗಿರುವುದು ಸಣ್ಣದು. ತಾಲ್ಲೂಕಿಗೆ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್. ಅದರಲ್ಲಿ ಹಿಡಿಸದ, ಮಡಿಸಲು ಆಗದ ದೊಡ್ಡ ವಸ್ತುಗಳಿಗೆ ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡುವ ಹಾಗೆ ಒಂದು ಸ್ಟ್ಯಾಂಡು, ಎರಡು ಕಡೆ ಲೈಟು. ಸ್ಕ್ಯಾನ್ 300 ಡಿಪಿಐಗಿಂತ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಕಡಿಮೆ ಬೇಡ, ಫೋಟೋ ಆದರೆ 600 ಇರಲಿ. ಒಂದು ಪ್ರತಿ ತಾಲ್ಲೂಕಿನಲ್ಲಿ, ಒಂದು ಜಿಲ್ಲೆಯಲ್ಲಿ, ಒಂದು ಜಿಲ್ಲೆಯ ಹೊರಗೆ. ಹಾರ್ಡ್ ಡಿಸ್ಕ್ ಕೂಡ ಸಾಯುತ್ತದೆ, ನನ್ನ ಫೋನ್ ಸತ್ತ ಹಾಗೆ. ಸೀಡಿಗೆ ಹಾಕಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರೆ ಗೆದ್ದಲು ತಿನ್ನಲ್ಲ ಅನ್ನುವುದೊಂದು ಬಿಟ್ಟರೆ ಅದಕ್ಕೂ ಅಟ್ಟಕ್ಕೂ ವ್ಯತ್ಯಾಸ ಇಲ್ಲ.

ಸ್ಕ್ಯಾನ್ ಮಾಡುವುದು ಕಾಲು ಭಾಗ ಕೆಲಸ. ಮುಕ್ಕಾಲು ಭಾಗ ಹೆಸರು ಬರೆಯುವುದು. ‘ಐಎಂಜಿ 0047’ ಅಂತ ಇದ್ದರೆ ಯಾರು ಹುಡುಕುತ್ತಾರೆ? ಯಾವ ಊರು, ಯಾರ ಮನೆಯದು, ಫೋಟೋದಲ್ಲಿ ಎಡಗಡೆಯಿಂದ ಯಾರ್ಯಾರು, ಯಾವ ಸಂದರ್ಭ, ಗೊತ್ತಿದ್ದರೆ ಇಸವಿ. ಅದನ್ನು ತಂದವರ ಬಾಯಿಂದಲೇ ಕೇಳಿ, ಅಲ್ಲೇ ಬರೆದುಕೊಳ್ಳಬೇಕು. ನಮ್ಮ ಕಡೆ ಊರಿನ ಹೆಸರೇ ಒಂದು ತಲೆನೋವು. ಮುಳಬಾಗಿಲು ಅನ್ನುವವರಿದ್ದಾರೆ, ಮುಳಬಾಗಲು ಅನ್ನುವವರಿದ್ದಾರೆ. ರೈಸ್ ಪುಸ್ತಕದಲ್ಲಿ ಬೌರಿಂಗ್‌ಪೇಟೆ ಅಂತ ಇರುವುದು ನಮ್ಮ ಬಂಗಾರಪೇಟೆ. ಶಾಸನದಲ್ಲಿ ಕುವಳಾಲ ಅಂದರೆ ಕೋಲಾರ. ಯಾವ ಹೆಸರಿನಲ್ಲಿ ಹುಡುಕಿದರೂ ಒಂದೇ ಕಡೆ ಹೋಗುವ ಹಾಗೆ ಊರುಗಳ ಒಂದು ಪಟ್ಟಿ ಬೇಕು. ಆ ಪಟ್ಟಿ ಮಾಡಲು ನಮ್ಮ ತಾಲ್ಲೂಕಿನ ಟೀಚರ್‌ಗಳೇ ಸಾಕು. ಬೇಸಿಗೆ ರಜೆಯಲ್ಲಿ ಮಾಡಿಕೊಡುತ್ತೇವೆ. ಗಣತಿಗೆ ಕಳಿಸುತ್ತೀರಲ್ಲ, ಅದಕ್ಕಿಂತ ಖುಷಿಯಿಂದ ಮಾಡುತ್ತೇವೆ.

ಇನ್ನೊಂದು ಮಾತು, ಇದನ್ನು ಕಂಪ್ಯೂಟರಿನವರಿಗೆ ಹೇಳಿ. ಎಲ್ಲಾ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ನಲ್ಲೇ ಟೈಪ್ ಆಗಲಿ. ನಮ್ಮ ಪಕ್ಕದ ಶಾಲೆಯೊಂದು ಹಿಂದೆ ಸ್ಮರಣ ಸಂಚಿಕೆ ತಂದಿತ್ತು. ಹಳೇ ವಿದ್ಯಾರ್ಥಿಗಳ ನೆನಪು, ಊರಿನ ಕತೆ, ಬಹಳ ಚೆನ್ನಾಗಿತ್ತು. ಅಚ್ಚಾದ ಪ್ರತಿ ಮುಗಿದವು. ಫೈಲು ಇದೆ, ಆದರೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ಈಗಿನ ಫೋನಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಹಾಗೆ ಕಾಣುತ್ತವೆ. ಕನ್ವರ್ಟ್ ಮಾಡಬಹುದು, ಮಾಡಿದವರಿಲ್ಲ. ಇಂಥ ಸಂಚಿಕೆಗಳು ಜಿಲ್ಲೆಯಲ್ಲಿ ಎಷ್ಟಿವೆಯೋ. ಊರಿನ ಬಗ್ಗೆ ಊರಿನವರೇ ಬರೆದ ಪುಸ್ತಕ ಅಂದರೆ ಹೆಚ್ಚಾಗಿ ಇವೇ. ಮೊದಲು ಇವನ್ನು ಹಿಡಿಯಿರಿ.

ಕಾಪಿರೈಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷ ಆದ ಮೇಲೆ ಬರಹ ಎಲ್ಲರದು. ಸರ್ಕಾರಿ ಪ್ರಕಟಣೆಗೆ ಪ್ರಕಟವಾಗಿ 60 ವರ್ಷ. ಹಾಗಾಗಿ ರೈಸ್ ಸಂಪುಟಕ್ಕೆ ಯಾರನ್ನೂ ಕೇಳಬೇಕಿಲ್ಲ. ಮುಳಬಾಗಿಲಿನ ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಮಾಲೂರು ತಾಲ್ಲೂಕಿನ ಮಾಸ್ತಿಯವರು 1986ರಲ್ಲಿ. ಅವರ ಪುಸ್ತಕ ಹಾಕಲು ಇನ್ನೂ ಕಾಯಬೇಕು, ಇಲ್ಲವೇ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಹಾಕಲು ಆಗದ್ದನ್ನು ಲೈಬ್ರರಿಯ ಒಳಗೇ ಕೂತು ಓದಬಹುದು, ಅದಕ್ಕೇ ತಾನೇ ಕಪಾಟು ಇರುವುದು.

ಕಾನೂನಿಗಿಂತ ದೊಡ್ಡದು ಜನರ ಭಯ. ಇದನ್ನು ಕಚೇರಿಯಲ್ಲಿ ಕೂತವರಿಗೆ ಹೇಳಲೇಬೇಕು. ಛಾಪಾ ಕಾಗದ ತಂದ ಹುಡುಗನ ಮನೆಯಿಂದ ಮಾರನೇ ದಿನವೇ ಅವನ ಅಜ್ಜಿ ಬಂದರು. “ಅಮ್ಮ, ಆ ಪತ್ರದ ಫೋಟೋ ಯಾರಿಗೂ ತೋರಿಸಬೇಡ. ದಾಯಾದಿಗಳು ನೋಡಿದ್ರೆ ಪಾಲು ಕೇಳಕ್ಕೆ ಬರ್ತಾರೆ.” ಇನ್ನೊಬ್ಬರು, ಸರ್ಕಾರಕ್ಕೆ ತೋರಿಸಿದರೆ ಜಮೀನು ಹೋಗುತ್ತದೆ ಅಂದರು. ಅವರ ಭಯ ದಡ್ಡತನ ಅಲ್ಲ. ಅನುಭವ. ಅದಕ್ಕೆ ಒಂದು ಸರಳ ಒಪ್ಪಿಗೆ ಚೀಟಿ ಬೇಕು, ಓದಿ ಹೇಳಬೇಕು. ‘ಈಗಲೇ ಎಲ್ಲರಿಗೂ ತೋರಿಸಬಹುದು’, ‘ಇಪ್ಪತ್ತು ವರ್ಷ ಆದ ಮೇಲೆ ತೋರಿಸಿ’, ‘ನಮಗೆ ಮಾತ್ರ ಒಂದು ಪ್ರತಿ ಕೊಡಿ’ ಅಂತ ಗುರುತು ಹಾಕಲು ಚೀಟಿಯಲ್ಲಿ ಮೂರು ಚೌಕ. ಯಾವಾಗ ಬೇಡ ಅಂದರೂ ತೆಗೆಯಬೇಕು. ಆಧಾರ್, ಬ್ಯಾಂಕು, ಆಸ್ಪತ್ರೆ ಚೀಟಿ ಏನೂ ಬೇಡ. ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬಾರದು. ‘ಆಮೇಲೆ ಬಂದು ತಗೊಂಡು ಹೋಗಿ’ ಅನ್ನುವ ಮಾತು ಒಂದು ಸಲ ಬಾಯಿಂದ ಬಂದರೆ ಆ ಊರಿನಿಂದ ಮತ್ತೆ ಯಾರೂ ಬರಲ್ಲ.

ವೀರಗಲ್ಲು, ಹಾಳು ಗುಡಿಗಳ ವಿಷಯದಲ್ಲೂ ಹುಷಾರಾಗಿರಬೇಕು. ನಿಧಿ ಆಸೆಗೆ ಕಲ್ಲು ಒಡೆಯುವವರು ನಮ್ಮ ಕಡೆ ಇದ್ದಾರೆ. ಊರಿಂದ ದೂರ, ಯಾರೂ ಓಡಾಡದ ಕಡೆ ಇರುವವುಗಳ ನಿಖರ ಜಾಗವನ್ನು ಬಹಿರಂಗ ಮಾಡಬೇಡಿ. ಊರೊಳಗೆ ಇರುವುದನ್ನು ಮಾಡಿ. ಓದಿ ಅರ್ಥ ಹೇಳಿದ ಮೇಲೆ ಊರವರೇ ಕಾಯುತ್ತಾರೆ, ಆ ಉಳಿ ಹಿಡಿದ ಹಿರಿಯರ ಹಾಗೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿದೆ. ಗ್ರಂಥಾಲಯ ಸೆಸ್ ಅಂತ ಒಂದು ಸಾಲು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಲೈಬ್ರರಿಗೆ ಅಂತಲೇ ನಾವು ಕೊಡುತ್ತಿರುವ ದುಡ್ಡು ಅದು. ಅದು ಲೈಬ್ರರಿಗೆ ಪೂರ್ತಿ ತಲುಪುವ ಹಾಗೆ ನೋಡಿಕೊಂಡರೆ ಸ್ಕ್ಯಾನರಿಗೆ ಬೇರೆ ಟೆಂಡರು, ಬೇರೆ ದೇಣಿಗೆ ಬೇಕಾಗುವುದಿಲ್ಲ. ಕಂದಾಯ ಇಲಾಖೆ ಭೂ ಸುರಕ್ಷಾ ಅಂತ 2024ರಿಂದ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಬಹಳ ಒಳ್ಳೇದು. ಆ ಕೆಲಸ ಕಲಿತ ಹುಡುಗ ಹುಡುಗಿಯರು ನಿಮ್ಮ ಕಚೇರಿಯಲ್ಲೇ ಇದ್ದಾರೆ. ಲೈಬ್ರರಿಯವರಿಗೆ ಎರಡು ದಿನ ತರಬೇತಿ ಕೊಡಲು ಅವರನ್ನೇ ಕಳಿಸಿ. ಪುಸ್ತಕಗಳ ಸ್ಕ್ಯಾನಿಂಗ್‌ಗೆ ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗದವರಿದ್ದಾರೆ. ಸಾವಿರಾರು ಕನ್ನಡ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕಿದವರು. ಹೇಗೆ ಮಾಡಬೇಕು ಅಂತ ಅವರನ್ನು ಕೇಳಬಹುದು.

ಒಂದೇ ಸಲ ಇಡೀ ಜಿಲ್ಲೆಯಲ್ಲಿ ಶುರು ಮಾಡಿ ಅಂತ ಹೇಳುವುದಿಲ್ಲ. ಮೂರು ಕಡೆ ಸಾಕು. ಕೋಲಾರದ ಜಿಲ್ಲಾ ಕೇಂದ್ರ ಗ್ರಂಥಾಲಯ, ಕೆಜಿಎಫ್, ಮತ್ತು ಒಂದು ಹಳ್ಳಿಯ ಅರಿವು ಕೇಂದ್ರ. ಹಳ್ಳಿ ನಮ್ಮ ತಾಲ್ಲೂಕಿನದೇ ಆಗಲಿ ಅಂತ ನನ್ನ ಸ್ವಾರ್ಥ, ಅದನ್ನೇನು ಮುಚ್ಚಿಡಲ್ಲ. ದಿನ ಭಾನುವಾರ ಇರಲಿ. ಕೂಲಿ ಬಿಟ್ಟು ಬರಬೇಕಾಗಿಲ್ಲ, ಮಕ್ಕಳಿಗೂ ರಜೆ. ಆರು ತಿಂಗಳು ನೋಡಿ. ಯಾರೂ ಬರದಿದ್ದರೆ ಸ್ಕ್ಯಾನರನ್ನು ಕಚೇರಿಗೇ ತೆಗೆದುಕೊಂಡು ಹೋಗಿ, ನಾನು ಮತ್ತೆ ಪತ್ರ ಬರೆಯುವುದಿಲ್ಲ.

ಮೊದಲ ಭಾನುವಾರಕ್ಕೆ ನಮ್ಮ ಮಕ್ಕಳು ಬರುತ್ತಾರೆ. ಎರಡು ಬೋರ್‌ವೆಲ್ ರಸೀದಿ, ನಾಟಕದ ಕರಪತ್ರ, ಎರಡು ಭಾಷೆಯ ಲಗ್ನಪತ್ರಿಕೆ ಇನ್ನೂ ಮನೆಗಳಲ್ಲಿ ಇವೆ, ಕೇಳಿ ನೋಡಿದ್ದೇನೆ. ಛಾಪಾ ಕಾಗದದ ಅಜ್ಜಿ ಯೋಚನೆ ಮಾಡುತ್ತಿದ್ದಾರೆ. ಗಣಿಯ ಬಿಲ್ಲೆ ಇಲ್ಲ. ಆ ದಿನ ನಾನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದ ಅದರ ಒಂದು ಫೋಟೋ ಮಾತ್ರ ಉಳಿದಿದೆ. ಕೈ ಅಲ್ಲಾಡಿ ಮಸುಕಾಗಿದೆ. ನಂಬರಿನ ಕೊನೇ ಎರಡು ಅಂಕಿ ಮಾತ್ರ ಕಾಣುತ್ತವೆ. ಅದನ್ನೂ ತರುತ್ತೇವೆ.

ಇತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಟೀಚರ್